ಓದಿದ್ದು ನಾನು, ಅರ್ಥ ಹೇಳಿದ್ದು ಸುಜಾತಮ್ಮ

ವೃದ್ಧರ ಆರೈಕೆ ಮನೆಗಳಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು, ಹುದ್ದೆಯ ಹೆಸರು ನೋಡಿ ಮೋಸ ಹೋಗಬೇಡಿ ಎಂದು. ನನ್ನದು 'ಚಟುವಟಿಕೆ ಸಂಯೋಜಕಿ' ಎಂಬ ಹುದ್ದೆ. ನಾನು ಸೇರಿದಾಗ ಆ ಮನೆಯಲ್ಲಿ ಚಟುವಟಿಕೆ ಎನ್ನುವುದೇ ಇರಲಿಲ್ಲ. ಹಾಗಾಗಿ ಸಂಯೋಜಿಸುವ ತೊಂದರೆಯೂ ಇರಲಿಲ್ಲ. ಹಿರಿಯರು ಊಟದ ದೊಡ್ಡ ಹಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಎದುರು ಗೋಡೆಗೆ ಬೆನ್ನು ಕೊಟ್ಟು ಕೂತವರನ್ನು ನೋಡುತ್ತಿದ್ದರು. ತಿಂಡಿಯಿಂದ ಊಟದವರೆಗೆ ಇದು ನಡೆಯುತ್ತಿತ್ತು. ಊಟದ ನಂತರ ಜಾಗ ಬದಲಿಸುತ್ತಿದ್ದರು.

ಮನೆ ಇದ್ದದ್ದು ರಿಚರ್ಡ್ಸ್ ಟೌನಿನಲ್ಲಿ. ಮುಂದೆ ಹಳೆಯ ಬಂಗಲೆ, ಹಿಂದೆ ಹೊಸದಾಗಿ ಎಬ್ಬಿಸಿದ ಕಟ್ಟಡ. ಒಂದು ಕನ್ನಡ ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿ ಬದುಕಿನ ಬಹುಭಾಗ ಕಳೆದು ನಿವೃತ್ತಳಾದ ಮೇಲೆ ನಾನು ಅಲ್ಲಿಗೆ ಹೋದೆ. ಮ್ಯಾನೇಜರ್ ಪ್ರಮೀಳಾ ನನಗಿಂತ ಬಹಳ ಚಿಕ್ಕವರು. ಸಂದರ್ಶನದಲ್ಲಿ, "ಮೇಡಂ, ಹೇಳಿದ್ದನ್ನೇ ಹೇಳೋರು, ಕೋಪ ಮಾಡ್ಕೊಳ್ಳೋರು, ಊಟ ಬಿಡೋರು, ಇಂಥವರ ಜೊತೆ ಕೆಲಸ ಮಾಡಿ ಅಭ್ಯಾಸ ಇದೆಯಾ?" ಎಂದು ಕೇಳಿದರು.

"ಮೂರು ಜನ ಸಂಪಾದಕರ ಕೈಕೆಳಗೆ ಕೆಲಸ ಮಾಡಿದ್ದೀನಿ" ಎಂದೆ. ಕೆಲಸ ಸಿಕ್ಕಿತು.

ಸೇರಿದ ಕೆಲವೇ ದಿನಗಳಲ್ಲಿ ಆದೇಶ ಬಂತು. ಮನೆ ನಡೆಸುವ ಟ್ರಸ್ಟಿನವರು ಬೇರೆಲ್ಲೋ ಒಂದು ಆರೈಕೆ ಮನೆಯಲ್ಲಿ ಓದುವ ಬಳಗ ನೋಡಿ ಬಂದಿದ್ದರಂತೆ. ನಮ್ಮಲ್ಲೂ ಆಗಬೇಕು. ಗುರುವಾರ ಮಧ್ಯಾಹ್ನದ ಕಾಫಿಗೆ ಮುಂಚೆ ಎಂದು ನಿಗದಿಯಾಯಿತು. ಬಳಗ ಮುಗಿಯದೆ ಕಾಫಿ ಇಲ್ಲ ಎಂದ ಮೇಲೆ ಹಾಜರಾತಿಗೆ ಕೊರತೆ ಬರಲಿಲ್ಲ.

ನನಗೆ ಗೊತ್ತಿದ್ದದ್ದು ಪತ್ರಿಕೆ. ಪತ್ರಿಕೆಯಿಂದಲೇ ಶುರು ಮಾಡಿದೆ. ಮುಖಪುಟದ ಮೊದಲ ಸುದ್ದಿ ಓದಿ ತಲೆ ಎತ್ತಿದರೆ, ಶಿವಾಜಿನಗರದಲ್ಲಿ ಜೀವಮಾನವಿಡೀ ಟೈಲರ್ ಆಗಿದ್ದ ಖಾದರ್ ಸಾಬರು ನನ್ನನ್ನು ಕರುಣೆಯಿಂದ ನೋಡುತ್ತಿದ್ದರು.

"ಮೇಡಂ, ಇದು ನಿನ್ನೆದು ಅಲ್ವಾ? ಬಾಸೀ ಮಾಲು."

ಹೌದು, ನಿನ್ನೆಯದೇ. ಆ ದಿನದ ಪತ್ರಿಕೆ ಮೊದಲು ಆಫೀಸು, ಆಮೇಲೆ ಅಡುಗೆಮನೆ, ಆಮೇಲೆ ಕಾವಲಿನವರು ಎಂದು ಸುತ್ತಿ ಹಿರಿಯರ ಕೈಗೆ ಬರುವುದು ಮರುದಿನ. ನಿನ್ನೆಯ ಸುದ್ದಿಯನ್ನು ಇಂದು ಕೊಡುವವರನ್ನು ಡೆಸ್ಕಿನಲ್ಲಿ ನಾನು ಏನೆಂದು ಬೈಯುತ್ತಿದ್ದೆನೋ ಅದನ್ನು ಇಲ್ಲಿ ಬರೆಯಲಾಗದು. ಪತ್ರಿಕೆ ಓದು ಅಲ್ಲಿಗೆ ನಿಂತಿತು.

ಆಮೇಲೆ ಟ್ರಸ್ಟಿನವರು ಓದುವ ಯಂತ್ರ ಕಳಿಸಿದರು. ಟ್ಯಾಬಿನಲ್ಲಿ ಕನ್ನಡ ಪುಟ ತೆರೆದರೆ ಅದೇ ಗಟ್ಟಿಯಾಗಿ ಓದುತ್ತದೆ. ಇನ್ನು ಮೇಲೆ ನಾನು ಬರೀ ಗುಂಡಿ ಒತ್ತಿದರೆ ಸಾಕು ಎಂದು ಪ್ರಮೀಳಾ ಸಂತೋಷಪಟ್ಟರು. ಯಂತ್ರದ ಹೆಣ್ಣುದನಿ ಒಂದು ಕಥೆಯನ್ನು ಶುರು ಮಾಡಿತು. ಗರುಡಾಚಾರ್‌ಪಾಳ್ಯದ ಮುನಿಸ್ವಾಮಪ್ಪನವರು ಕೈ ಕಿವಿಗೆ ಹಿಡಿದು ಗಮನವಿಟ್ಟು ಕೇಳಿದರು. ಅವರ ರಾಗಿ ಹೊಲಗಳ ಮೇಲೆ ಈಗ ಗಾಜಿನ ಕಚೇರಿಗಳಿವೆ. ಬಾಡಿಗೆ ಬರುತ್ತದೆ. ಸೊಸೆಯಂದಿರ ಜಗಳದ ನಡುವೆ ಇರುವುದಕ್ಕಿಂತ ಇಲ್ಲಿರುವುದೇ ಮೇಲು ಎಂದು ತಾವೇ ಬಂದು ಸೇರಿದವರು.

"ತಾಯೀ, ಈ ರೈಲು ಎಷ್ಟನೇ ಪ್ಲಾಟ್‌ಫಾರಂಗೆ ಬರ್ತದೆ?" ಎಂದರು.

ಹಾಲಿನಲ್ಲಿದ್ದವರೆಲ್ಲ ನಕ್ಕರು. ಟ್ಯಾಬು ಆಫೀಸಿನ ಕಪಾಟು ಸೇರಿತು. ಈಗಲೂ ಅಲ್ಲೇ ಇದ್ದೀತು.

ಮೂರನೆಯ ಪ್ರಯತ್ನ ಪ್ರಮೀಳಾ ಅವರದೇ. ಬದುಕಿನಲ್ಲಿ ಗೆಲ್ಲುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕವೊಂದನ್ನು ತಂದುಕೊಟ್ಟರು. "ಪಾಸಿಟಿವ್ ಆಗಿರುತ್ತೆ ಮೇಡಂ." ಅದರ ಮೊದಲ ಪಾಠದಲ್ಲಿ, ಮುಂದಿನ ಐದು ವರ್ಷದ ಗುರಿಯನ್ನು ಪ್ರತಿಯೊಬ್ಬರೂ ಎದ್ದು ನಿಂತು ಹೇಳಬೇಕು ಎಂದಿತ್ತು. ಎದ್ದು ನಿಲ್ಲುವುದನ್ನು ನಾನೇ ಮಾಫಿ ಮಾಡಿ, ಮುನಿಸ್ವಾಮಪ್ಪನವರನ್ನು ಕೇಳಿದೆ.

"ಐದು ವರ್ಷದ ಗುರಿ ಅಂದ್ರೆ ಏನಮ್ಮಾ, ಐದು ವರ್ಷಾನೇ."

ಆ ಪುಸ್ತಕವೂ ಕಪಾಟಿಗೆ ಹೋಯಿತು.

ನಿಜವಾದ ತೊಡಕು ಪುಸ್ತಕದ್ದಲ್ಲ ಎಂದು ನನಗೆ ತಿಳಿಯಲು ಇಷ್ಟು ಕಾಲ ಬೇಕಾಯಿತು. ಹಾಲಿನಲ್ಲಿ ಕೂತವರಲ್ಲಿ ಅರ್ಧ ಜನಕ್ಕೆ ನಾನು ಓದುವ ಕನ್ನಡ ಹತ್ತುತ್ತಿರಲಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮಾತಾಡುವಷ್ಟು ಬರುತ್ತದೆ. ಪುಸ್ತಕದ ಕನ್ನಡ ಬಂದರೆ ಮುಖ ಖಾಲಿ. ಕೆಲವರದು ತಮಿಳು, ಕೆಲವರದು ದಖನಿ ಉರ್ದು, ಇಬ್ಬರದು ಬರೀ ಇಂಗ್ಲಿಷ್. ಬ್ರಿಟಿಷರ ಕಾಲದ ದಂಡಿನ ಪ್ರದೇಶದಲ್ಲಿ ಹುಟ್ಟಿ ಬೆಳೆದ ಜನ. ಅವರು ಕೂತದ್ದು ನನ್ನ ಮೇಲಿನ ಮರ್ಯಾದೆಗೆ ಮತ್ತು ಕಾಫಿಗೆ.

ದಾರಿ ತೋರಿಸಿದವರು ಮುನಿಸ್ವಾಮಪ್ಪ. "ನಮ್ಮೂರ ಭಜನೆ ಮನೇಲಿ ಪುರಾಣ ಓದ್ಬೇಕಾದ್ರೆ ಒಬ್ಬ ಓದೋನು, ಪಕ್ದಲ್ಲೇ ಅರ್ಥ ಹೇಳೋನು ಇನ್ನೊಬ್ಬ ಇರೋನು. ಓದೋನ್ದು ಯಾರ್ಗೂ ತಿಳೀತಿರ್ಲಿಲ್ಲ. ಅರ್ಥ ಹೇಳೋನ್ಗೋಸ್ಕರ ಜನ ಬರೋರು. ನೀನು ಓದೋದೇನೋ ಚೆನ್ನಾಗೈತೆ ಪೇಪರಮ್ಮಾ. ಅರ್ಥ ಹೇಳೋರು ಯಾರು?"

ಕಿಟಕಿಯ ಪಕ್ಕದ ಕುರ್ಚಿಯಿಂದ ಒಂದು ದನಿ ಬಂತು. "ನಾನು ಹೇಳ್ತೀನಿ. ಹೋಲ್ಡ್ ಮಾಡಿ."

ಅವರು ಸುಜಾತಮ್ಮ. ಹಲಸೂರಿನವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್ ಆಗಿದ್ದವರು. ಮದುವೆಯಾಗಿರಲಿಲ್ಲ. ಕೋಣೆಯಲ್ಲಿ ತಂದೆಯ ಕಾಲದ ಪುಟ್ಟ ಬುದ್ಧನ ಮೂರ್ತಿ, ಕಿಟಕಿಯಾಚೆ ಒಂದು ಸಂಪಿಗೆ ಮರ. ಈ ಊರಿನ ನಾಲ್ಕು ಭಾಷೆಗಳೂ ಅವರಿಗೆ ಬರುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಉಸಿರು ಕೂಡ ಎಳೆದುಕೊಳ್ಳುತ್ತಿರಲಿಲ್ಲ.

ನಾವು ಹಿಡಿದದ್ದು ಒಂದು ಹಳೆಯ ಕಾದಂಬರಿ. ಸಣ್ಣ ಊರಿನ ರೈಲ್ವೆ ಗೇಟು ಕಾಯುವ ಸಿದ್ದಪ್ಪ, ಅವನ ಹೆಂಡತಿ ಪಾರ್ವತಿ, ಅವರಿಬ್ಬರ ನಡುವೆ ದಿನಕ್ಕೆ ಎರಡು ಸಲ ಹಾದುಹೋಗುವ ರೈಲು. ನಾನು ಎರಡು ಪುಟ ಓದುತ್ತಿದ್ದೆ. ಸುಜಾತಮ್ಮ ಕಣ್ಣು ಮುಚ್ಚಿಕೊಂಡು ಕೇಳಿ, ಖಾದರ್ ಸಾಬರ ಕಡೆ ತಿರುಗಿ ದಖನಿಯಲ್ಲಿ, ಆ ಸಾಲಿನ ಹೆಂಗಸರ ಕಡೆ ತಿರುಗಿ ತಮಿಳಿನಲ್ಲಿ, ಮೂಲೆಯ ಇಬ್ಬರಿಗೆ ಇಂಗ್ಲಿಷಿನಲ್ಲಿ, ಉಳಿದವರಿಗೆ ಆಡುಗನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ಸಿದ್ದಪ್ಪ ಮಾತಾಡಿದರೆ ದನಿ ದಪ್ಪ. ಪಾರ್ವತಿ ಮಾತಾಡಿದರೆ ಸೊಂಟದ ಮೇಲೆ ಕೈ. ಎಲ್ಲಿಯೋ ಒಂದು ಕಡೆ ನಿಲ್ಲಿಸಿ, ಟ್ರಂಕ್ ಕಾಲಿನ ಹೊತ್ತು ಮುಗಿಯಿತೆನ್ನುವಂತೆ "ತ್ರೀ ಮಿನಿಟ್ಸ್ ಓವರ್" ಎಂದು ಬಿಡುತ್ತಿದ್ದರು. ಜನ ಗೋಳಾಡುತ್ತಿದ್ದರು. ಕಾಫಿ ಆರುತ್ತಿತ್ತು. ಆ ಮನೆಯಲ್ಲಿ ಕಾಫಿ ಆರಿದ್ದನ್ನು ಅಡುಗೆಯವರು ಅದೇ ಮೊದಲು ನೋಡಿದ್ದು.

ಪ್ರಮೀಳಾ ಫೋಟೊ ತೆಗೆದು ಟ್ರಸ್ಟಿಗೆ ಕಳಿಸಿದರು. ಫೋಟೊದಲ್ಲಿ ಪುಸ್ತಕ ಹಿಡಿದ ನಾನು ಮಾತ್ರ ಇದ್ದೆ.

ಏಳನೆಯ ಅಧ್ಯಾಯದಲ್ಲಿ ಪಾರ್ವತಿ ಜ್ವರದಲ್ಲಿ ಸಾಯುತ್ತಾಳೆ. ಅದನ್ನು ಓದಿದ ಗುರುವಾರ ಸುಜಾತಮ್ಮ ಅರ್ಥ ಹೇಳಿ ಎಲ್ಲರನ್ನೂ ಅಳಿಸಿದರು. ಮುಂದಿನ ಗುರುವಾರ ನಾನು ಸಿದ್ದಪ್ಪನ ದುಃಖದ ಎರಡು ಪುಟ ಓದಿದೆ. ಸುಜಾತಮ್ಮ ಕಣ್ಣು ತೆರೆದು, ಸಿದ್ದಪ್ಪ ಗೇಟು ಹಾಕಿ ಮನೆಗೆ ಬಂದ, ಪಾರ್ವತಿ ಮುದ್ದೆ ಮಾಡಿಟ್ಟಿದ್ದಳು ಎಂದು ಶುರು ಮಾಡಿದರು.

ಡೆಸ್ಕಿನಲ್ಲಿ ಕೂತವರಿಗೆ ತಪ್ಪು ಕಂಡರೆ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ. "ಸುಜಾತಮ್ಮಾ, ಪಾರ್ವತಿ ಹೋದ ವಾರ ತೀರ್ಕೊಂಡ್ಲಲ್ಲಾ" ಎಂದೆ.

ಅವರು ನನ್ನನ್ನೇ ನೋಡಿದರು. "ತೀರ್ಕೊಂಡ್ಲಾ? ಯಾರು ಹೇಳಿದ್ದು?"

ಹೇಳಿದ್ದು ಅವರೇ, ನಾಲ್ಕು ಭಾಷೆಯಲ್ಲಿ. ಅವರ ಕೈ ಸೀರೆಯ ಸೆರಗನ್ನು ಹುಡುಕುತ್ತಿತ್ತು. ಸೆರಗು ತೊಡೆಯ ಮೇಲೇ ಇತ್ತು. ಸುಜಾತಮ್ಮನಿಗೆ ಮರೆವು ಹತ್ತಿದೆಯೆಂದು ಹಾಲಿನಲ್ಲಿ ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯಿತು. ಯಾರಿಗೆ ತಿಳಿಯಬಾರದಿತ್ತೋ ಆ ಪ್ರಮೀಳಾ ಬಾಗಿಲಲ್ಲಿ ನಿಂತಿದ್ದರು.

ಕಾಫಿಯ ಹೊತ್ತಿಗೆ ಮುನಿಸ್ವಾಮಪ್ಪ ಕೋಲೂರಿಕೊಂಡು ನನ್ನ ಹತ್ತಿರ ಬಂದರು. "ಸತ್ತೋಳು ಎದ್ದು ಬಂದ್ರೆ ನಿನ್ನ ಗಂಟೇನು ಹೋಯ್ತು?"

"ಪುಸ್ತಕದಲ್ಲಿ ಹಾಗಿಲ್ಲ ಮುನಿಸ್ವಾಮಪ್ಪ."

"ನಮ್ಮೂರ ಅರ್ಥ ಹೇಳೋನು ಎಂಥೆಂಥೋರ್ನ ಬದುಕ್ಸಿದಾನೆ! ಮಳೆ ಬರ್ಲಿಲ್ಲ ಅಂದ್ರೆ ಯುದ್ಧನೇ ನಿಲ್ಲಿಸ್ಬಿಡೋನು. ಓದೋನು ಸುಮ್ನೆ ಓದ್ಕೊಂಡು ಹೋಗೋನಪ್ಪ, ಅದು ಅವನ ಕೆಲ್ಸ. ನಿಂದು ನೀನು ಮಾಡು."

ಕಿರಿಯರಿಗೆ ಈ ಕೆಲಸದ ಬಗ್ಗೆ ನಾನು ಕೊಡಬಲ್ಲ ಸಲಹೆ ಇದೊಂದೇ. ಅದೂ ನನ್ನದಲ್ಲ.

ಅಂದಿನಿಂದ ಗುರುವಾರಗಳಲ್ಲಿ ಎರಡು ಕಾದಂಬರಿ ನಡೆದವು. ಪುಸ್ತಕದ ಕಾದಂಬರಿಯಲ್ಲಿ ಸಿದ್ದಪ್ಪ ಒಬ್ಬನೇ ಗೇಟಿನಲ್ಲಿ ಕೂತು ಸಣ್ಣಗಾಗುತ್ತಿದ್ದ. ಸುಜಾತಮ್ಮನ ಕಾದಂಬರಿಯಲ್ಲಿ ಪಾರ್ವತಿ ಜ್ವರ ಬಿಟ್ಟೆದ್ದು, ಗಂಡನ ಸಹವಾಸ ಸಾಕೆಂದು ರೈಲು ಹತ್ತಿ ಬಂದು, ದಂಡು ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಮೆಸ್ ಇಟ್ಟಳು. ರೈಲ್ವೆಯವರಿಗೆ, ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಊಟ. ಬುಧವಾರ ಬಸ್ಸಾರು. ಸಿದ್ದಪ್ಪ ಅವಳನ್ನು ಹುಡುಕಿಕೊಂಡು ಊರಿಗೆ ಬಂದು, ಅವಳದೇ ಮೆಸ್ಸಿನಲ್ಲಿ ಊಟ ಮಾಡಿ, ಅಡುಗೆ ಮಾಡಿದವರು ಯಾರೆಂದು ಕೇಳದೆ ವಾಪಸು ಹೋಗುತ್ತಾನೆ. ಈ ಜಾಗದಲ್ಲಿ ಖಾದರ್ ಸಾಬರು ಸಿದ್ದಪ್ಪನನ್ನು ದಖನಿಯಲ್ಲಿ ಬೈದ ಬೈಗುಳವನ್ನು ಸುಜಾತಮ್ಮ ಯಾವ ಭಾಷೆಗೂ ತರಲಿಲ್ಲ. "ಆ ಕಾಲ್ ಕಟ್ ಆಯ್ತು" ಎಂದರು.

ಕನ್ನಡ ಬಲ್ಲವರು ಎರಡನ್ನೂ ಕೇಳುತ್ತಿದ್ದರು. ನಾನು ಓದುವಾಗ ಮಾತ್ರೆ ನುಂಗಿ, ಕನ್ನಡಕ ಒರೆಸಿ, ಅವರು ಶುರು ಮಾಡಿದಾಗ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬರವಣಿಗೆಯನ್ನು ನಂಬಿ ಬದುಕಿದವಳಿಗೆ ಇದು ಹಿತವಾದ ಅನುಭವವಲ್ಲ. ಅಭ್ಯಾಸವಾಯಿತು.

ಗುರುವಾರದ ಹೊರಗೆ ಸುಜಾತಮ್ಮನ ಸ್ಥಿತಿ ಅಷ್ಟು ಚೆನ್ನಾಗಿರಲಿಲ್ಲ. ನಲ್ಲಿ ತೆರೆದೇ ಬಿಡುತ್ತಿದ್ದರು. ಬೇರೆಯವರ ಕೋಣೆಗೆ ಹೋಗಿ ಮಲಗಿರುತ್ತಿದ್ದರು. ನನ್ನನ್ನು ಒಮ್ಮೊಮ್ಮೆ ಹಳೆಯ ಸೂಪರ್‌ವೈಸರ್ ಹೆಸರಿನಿಂದ ಕರೆದು, ರಜೆ ಕೇಳುತ್ತಿದ್ದರು. ನಾನು ಮಂಜೂರು ಮಾಡುತ್ತಿದ್ದೆ.

ಹಿಂದಿನ ಕಟ್ಟಡದ ಮೇಲಿನ ಮಹಡಿ ಮರೆವು ಹೆಚ್ಚಾದವರಿಗೆ ಮೀಸಲು. ಲಿಫ್ಟಿಗೆ ಕಾರ್ಡು ತೋರಿಸಿದರೆ ಮಾತ್ರ ಅಲ್ಲಿಗೆ ಹೋಗಬಹುದು. ಕಾರ್ಡು ಸಿಬ್ಬಂದಿಯ ಹತ್ತಿರ ಇರುತ್ತಿತ್ತು. ಸ್ವಚ್ಛವಾಗಿತ್ತು, ನರ್ಸುಗಳು ಒಳ್ಳೆಯವರು, ಊಟ ಅದೇ. ಆದರೆ ಅಲ್ಲಿಗೆ ಹೋದವರು ಹಾಲಿಗೆ ಇಳಿದು ಬಂದದ್ದನ್ನು ಯಾರೂ ನೋಡಿರಲಿಲ್ಲ. ಚಟುವಟಿಕೆಯೂ ಇಲ್ಲ. 'ಅವರಿಗೆ ಅರ್ಥವಾಗುವುದಿಲ್ಲ' ಎಂಬುದು ನಿಯಮ.

ಒಳ್ಳೆಯ ದಿನವೊಂದರಲ್ಲಿ ಸುಜಾತಮ್ಮ ಸಂಪಿಗೆ ಮರ ನೋಡುತ್ತಾ ಹೇಳಿದರು. "ನನ್ನ ಮೇಲಕ್ಕೆ ಕಳಿಸ್ತಾರೆ ಅಂತ ನಂಗೊತ್ತಮ್ಮ. ಹೋಗಕ್ಕೆ ಭಯ ಇಲ್ಲ. ಅಲ್ಲಿಗೆ ಲೈನೇ ಇಲ್ವಲ್ಲ, ಅದೇ. ಮಾತಾಡೋರೇ ಇಲ್ದಿದ್ರೆ ಇರೋ ಅಷ್ಟೂ ಮರ್ತೋಗತ್ತೆ."

ಸುಜಾತಮ್ಮನ ನೆನಪಿನ ಪರೀಕ್ಷೆಗೆ ಹೊರಗಿನಿಂದ ಡಾಕ್ಟರು ಬಂದರು. ತರುಣ, ಸೌಮ್ಯ ಸ್ವಭಾವ. ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರೆ ಹಿರಿಯರು ಹೆದರುತ್ತಾರೆ, ಓದುವ ಬಳಗದಲ್ಲಿ ಸಹಜವಾಗಿ ನೋಡುತ್ತೇನೆ ಎಂದರು. ಪ್ರಮೀಳಾಗೆ ಇದು ಹಿಡಿಸಿತು. ನನ್ನ ಬಳಗ ಹೀಗೆ ಪರೀಕ್ಷಾ ಕೊಠಡಿಯಾಯಿತು. ಇದನ್ನು ನಾನು ಆರಂಭಿಸಿದಾಗ ಊಹಿಸಿರಲಿಲ್ಲ ಎಂಬುದನ್ನು ಕೂಡ ದಾಖಲಿಸುತ್ತೇನೆ.

"ಅಮ್ಮಾ, ಹೋದ ವಾರ ಕಥೆ ಎಲ್ಲಿಗೆ ಬಂದಿತ್ತು? ಹೇಳ್ತೀರಾ?" ಎಂದು ಡಾಕ್ಟರು ಸುಜಾತಮ್ಮನನ್ನು ಕೇಳಿದರು.

ಸುಜಾತಮ್ಮ ಹೇಳಿದರು. ಹೋದ ವಾರದ್ದಷ್ಟೇ ಅಲ್ಲ, ಪಾರ್ವತಿ ರೈಲು ಹತ್ತಿದಲ್ಲಿಂದ ಹಿಡಿದು. ಮೆಸ್ಸಿನ ಮೊದಲ ಗಿರಾಕಿ ಯಾರು, ಒಲೆ ಯಾವ ಮೂಲೆಯಲ್ಲಿದೆ, ಪಕ್ಕದ ಮನೆಯ ಸೈಕಲ್ ಅಂಗಡಿಯವನು ಅವಳನ್ನು ಯಾಕೆ ಅಕ್ಕಾ ಎನ್ನುತ್ತಾನೆ, ಸಿದ್ದಪ್ಪ ಊಟಕ್ಕೆ ಕೂತಾಗ ಅವಳು ಬಾಗಿಲ ಹಿಂದೆ ನಿಂತು ಅವನ ಅಂಗಿಯ ಹರುಕು ನೋಡಿದ್ದು. ಒಂದು ಎಳೆಯೂ ತಪ್ಪಲಿಲ್ಲ. ಬೆಳಿಗ್ಗೆ ತಿಂಡಿ ತಿಂದದ್ದನ್ನು ಮರೆತು ಮತ್ತೆ ತಟ್ಟೆ ಕೇಳಿದವರು ಇವರೇ.

ಡಾಕ್ಟರು ಪುಸ್ತಕ ಓದಿರಲಿಲ್ಲ. ನನ್ನ ಕಡೆ ತಿರುಗಿದರು. "ಮೇಡಂ, ಅವರು ಹೇಳಿದ್ದು ಸರಿ ಇದೆಯಾ?"

ಪುಸ್ತಕ ನನ್ನ ತೊಡೆಯ ಮೇಲಿತ್ತು. ಅದರೊಳಗೆ ಪಾರ್ವತಿ ಯಾವತ್ತೋ ಸತ್ತಿದ್ದಳು.

"ಕರೆಕ್ಟ್ ಸಾರ್. ನಾನೂ ಇದ್ನೆ" ಎಂದರು ಮುನಿಸ್ವಾಮಪ್ಪ.

"ಬಿಲ್ಕುಲ್ ಸಹೀ" ಎಂದರು ಖಾದರ್ ಸಾಬ್. "ಅವನು ಸಿದ್ದಪ್ಪ ಬಂದಾ, ತಿಂದಾ, ಹೋದಾ. ಬೇವಕೂಫ್."

ತಮಿಳು ಸಾಲು ಒಟ್ಟಾಗಿ ತಲೆಯಾಡಿಸಿತು. ಆದರೂ ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಸುಳ್ಳು ಸುದ್ದಿ ಬಿಟ್ಟವಳಲ್ಲ ನಾನು. ಆದರೆ ಸುದ್ದಿಮನೆಯಲ್ಲಿ ವಾಕ್ಯ ಕಟ್ಟುವುದನ್ನು ಕಲಿತಿದ್ದೇನೆ. ಏನು ನಡೆಯಿತು ಎಂದು ಹೇಳಲಾಗದಿದ್ದರೆ, ಯಾರು ಏನು ಹೇಳಿದರು ಎಂದು ಬರೆಯುತ್ತೇವೆ.

"ಇಷ್ಟು ಗುರುವಾರ ಇಲ್ಲಿ ಹೇಳಿದ್ದು ಇದೇ ಡಾಕ್ಟ್ರೇ. ಒಂದಕ್ಷರ ವ್ಯತ್ಯಾಸ ಇಲ್ಲ" ಎಂದೆ.

ಕೋರ್ಟಿನಲ್ಲೂ ನಿಲ್ಲುವ ವಾಕ್ಯ. ಡಾಕ್ಟರು ಏನೋ ಗುರುತು ಹಾಕಿಕೊಂಡರು. ಸುಜಾತಮ್ಮ ಕೆಳಗೇ ಉಳಿದರು. ಪ್ರಮೀಳಾ ಆ ಸಂಜೆ ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ತೆರೆಯದೆ ವಾಪಸು ಕೊಟ್ಟರು. ಅವರು ಬಾಗಿಲಲ್ಲಿ ನಿಂತು ಎಷ್ಟು ಗುರುವಾರ ಕೇಳಿದ್ದರೋ ನಾನು ವಿಚಾರಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ನಡೆದದ್ದು ನಿಲ್ಲಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಲಿನವನಿಗೆಂದು ತೆರೆದ ಗೇಟಿನಿಂದ ಸುಜಾತಮ್ಮ ಹೊರಗೆ ಹೋದರು. ಬಸ್ ಸ್ಟಾಪಿನಲ್ಲಿ ಸಿಕ್ಕರು, ಕೈಯಲ್ಲಿ ಊಟದ ಡಬ್ಬಿ, ಡ್ಯೂಟಿಗೆ ಲೇಟಾಯಿತೆಂಬ ಆತಂಕ. ರಸ್ತೆ ಎರಡು ಸಲ ದಾಟಿದ್ದರು. ಈ ಸಲ ಯಾರ ವಾಕ್ಯವೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಪ್ರಮೀಳಾ ಸುಜಾತಮ್ಮನನ್ನು ಮೇಲಕ್ಕೆ ಕಳಿಸಿದರು. ಪ್ರಮೀಳಾ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಆ ಗುರುವಾರ ನಾನು ಎರಡು ಪುಟ ಓದಿದೆ. ಓದಿ ಮುಗಿಸಿದ ಮೇಲೆ ಎಲ್ಲರೂ ಕಿಟಕಿಯ ಪಕ್ಕದ ಕುರ್ಚಿ ನೋಡಿದರು. ಮುಂದಿನ ಗುರುವಾರ ಬಂದವರು ಕಡಿಮೆ. ಕಾಫಿಯನ್ನು ಕೋಣೆಗೇ ತರಿಸಿಕೊಳ್ಳುವ ಉಪಾಯ ಕಂಡುಕೊಂಡಿದ್ದರು.

ಬಳಗವನ್ನೇ ಮೇಲೆ ನಡೆಸುತ್ತೇನೆ ಎಂದು ಪ್ರಮೀಳಾರನ್ನು ಕೇಳಿದೆ. ಅವರು ಟ್ರಸ್ಟಿನ ನಿಯಮ ಹೇಳಿದರು. ಕೆಳಗಿನವರು ಮೇಲೆ ಹೋಗುವಂತಿಲ್ಲ, ಮೇಲಿನವರಿಗೆ ಗಾಬರಿಯಾಗುತ್ತದೆ. ನಾನು ಮರಳಿ ಬಂದು ಮುನಿಸ್ವಾಮಪ್ಪನವರಿಗೆ ಹೇಳಿದೆ. ಅವರು ಶಾಲು ಹೊದ್ದು, ಖಾದರ್ ಸಾಬರನ್ನು ಕರೆದುಕೊಂಡು, ಬಾಡಿಗೆ ವಸೂಲಿಗೆ ಹೊರಟವರಂತೆ ಆಫೀಸಿಗೆ ಹೋದರು. ನಾನು ಹಿಂದೆ ಹೋದೆ.

"ಏನಮ್ಮಾ ಮ್ಯಾನೇಜರಮ್ಮಾ, ಡಾಕ್ಟರ್ನ ಕರ್ಸು."

"ಯಾಕ್ ತಾತಾ, ಹುಷಾರಿಲ್ವಾ?"

"ನಂಗೆ ಏನೂ ನೆನಪಾಗ್ತಿಲ್ಲ. ನೀನ್ಯಾರು?"

ಪ್ರಮೀಳಾ ಖಾದರ್ ಸಾಬರ ಕಡೆ ನೋಡಿದರು.

"ನನಗೂ ಹಂಗೇ" ಎಂದರು ಅವರು. "ಶರ್ಟಿಗೆ ಎಷ್ಟು ಕೈ ಅಂತಾನೇ ಮರ್ತೋಯ್ತು."

"ಹಾಲ್‌ನಲ್ಲಿ ಎಲ್ರಿಗೂ ಹಂಗೇ ಆಗೈತೆ" ಎಂದರು ಮುನಿಸ್ವಾಮಪ್ಪ. "ಟೆಸ್ಟ್ ಮಾಡಿ ಮೇಲಕ್ಕೆ ಹಾಕ್ಬಿಡು. ಹಾಸಿಗೆ ಎಷ್ಟೈತೆ ಮೇಲೆ?"

ಪ್ರಮೀಳಾ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಆಮೇಲೆ ಕುತ್ತಿಗೆಯಲ್ಲಿದ್ದ ಲಿಫ್ಟಿನ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟು ನನಗೆ ಹೇಳಿದರು. "ಗುರುವಾರ ಮಾತ್ರ. ಟ್ರಸ್ಟಿನವರು ಕೇಳಿದ್ರೆ ನನಗೂ ನೆನಪಿಲ್ಲ."

ಲಿಫ್ಟಿನಲ್ಲಿ ಇಬ್ಬಿಬ್ಬರಂತೆ ಹೋಗಿ ಎಲ್ಲರೂ ಸೇರಲು ಸಾಕಷ್ಟು ಹೊತ್ತು ಹಿಡಿಯಿತು. ಸುಜಾತಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಮೇಲೆ ಬಂದ ಮೇಲೆ ಅವರು ಮಾತೇ ಆಡಿಲ್ಲ ಎಂದು ನರ್ಸು ಹೇಳಿದಳು. ನಮ್ಮಲ್ಲಿ ಯಾರನ್ನೂ ಅವರು ಗುರುತು ಹಿಡಿಯಲಿಲ್ಲ. ನಾನು ಎರಡು ಪುಟ ಓದಿದೆ. ಅವರು ಕಣ್ಣು ಮುಚ್ಚಿರಲಿಲ್ಲ, ಕೇಳುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ.

ಅರ್ಥ ಹೇಳುವವರು ಬೇಕಲ್ಲ. ಮುನಿಸ್ವಾಮಪ್ಪ ಗಂಟಲು ಸರಿಮಾಡಿಕೊಂಡರು. ತಮ್ಮ ಊರಿನ ಕನ್ನಡದಲ್ಲಿ, ಖಾದರ್ ಸಾಬರಿಂದ ಎರವಲು ತಂದ ದಖನಿಯಲ್ಲಿ, ತಪ್ಪು ತಮಿಳಿನಲ್ಲಿ ಹೊರಟರು. ಎಲ್ಲರನ್ನೂ ಬದುಕಿಸಿಕೊಂಡು ಹೋಗುವ ಅವಸರದಲ್ಲಿ ಅವರಿಗೇ ಗೊಂದಲವಾಯಿತು. ನಾನು ಓದಿದ್ದೇ ನಾಲಿಗೆಗೆ ಬಂತು. "ಪಾರ್ವತಿ ಸತ್ಮೇಲೆ ಸಿದ್ದಪ್ಪ ಏನ್ಮಾಡ್ದ ಅಂದ್ರೆ..."

"ಸತ್ತಿಲ್ಲ."

ದನಿ ಒಣಗಿತ್ತು. ಸುಜಾತಮ್ಮ ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ರಾಂಗ್ ನಂಬರ್. ಪಾರ್ವತಿ ಸತ್ತಿಲ್ಲ. ಮೆಸ್‌ನಲ್ಲಿದಾಳೆ."

ಪುಸ್ತಕ ನನ್ನ ಕೈಯಲ್ಲಿ ತೆರೆದೇ ಇತ್ತು. ಮುನಿಸ್ವಾಮಪ್ಪ ನನ್ನ ಕಡೆ ನೋಡಿದರು. ನಾನು ಅದನ್ನು ಮುಚ್ಚಿದೆ.

"ಹೂಂ, ಮೆಸ್‌ನಲ್ಲಿದಾಳೆ" ಎಂದರು ಅವರು, ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡು. "ತಪ್ಪಾಯ್ತು ಕಣಮ್ಮಾ. ಇವತ್ತು ಏನ್ ಅಡುಗೆ?"

ಸುಜಾತಮ್ಮ ಅವರ ಕಡೆ ತಿರುಗಿದರು.

"ಇವತ್ತು ಯಾವ ವಾರ?"

"ಗುರುವಾರ."

"ಹಂಗಾದ್ರೆ ನಿನ್ನೆ ಬಸ್ಸಾರು ಉಳಿದಿರತ್ತೆ" ಎಂದರು. "ಎಲ್ಲಾರೂ ಕೂತ್ಕೊಳ್ಳಿ."